ಹಿತ್ತಲ ಗಿಡದ ಓದು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈಯಳತೆಯಲ್ಲಿರುವುದರ ಬೆಲೆಯನ್ನರಿಯದ ಮನುಷ್ಯಸ್ವಭಾವವನ್ನು ಕುರಿತ ಮಾತೆಂದು ನಾನು ಅದನ್ನು ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ಆ ಗಾದೆ ನನ್ನಂಥವನನ್ನು ಕಂಡೇ ಹುಟ್ಟಿರಬೇಕೆಂದು ಮನವರಿಕೆಯಾದದ್ದು ಮಾತ್ರ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ.

ಸ್ನಾತಕೋತ್ತರ ತರಗತಿ, ಹಳಗನ್ನಡ ಶಾಸ್ತ್ರಸಾಹಿತ್ಯದ ಪಾಠ. ಸುಮಾರು ೧೩೬೦ರಲ್ಲಿ ಮಂಗರಾಜನು ರಚಿಸಿದ 'ಖಗೇಂದ್ರಮಣಿದರ್ಪಣ'ದ ಪರಿಚಯ ಮಾಡಿಕೊಡುತ್ತಿದ್ದೆ. ವಿಷಕ್ಕೂ ವಿಷಚಿಕಿತ್ಸೆಗೂ ಮೀಸಲಾದ ಆ ಗ್ರಂಥವನ್ನು ಕುರಿತು ಹೇಳುವಾಗ ನಡುವೆ 'ಅಪಾಮಾರ್ಗ'ವೆಂಬ ಗಿಡದ ಮಾತು ಬಂದಿತು. ನಾನು ಉತ್ಸಾಹದಿಂದ ಶಬ್ದದ ನಿಷ್ಪತ್ತಿಯನ್ನು ಹೇಳಿ, ಒರಸಿ ಶುದ್ಧಿಮಾಡುವುದೆಂಬ ಅದರ ಅರ್ಥವನ್ನು ಬಿಡಿಸಿ, ಕನ್ನಡದಲ್ಲಿ ಇದಕ್ಕೆ ಉತ್ತರಾಣಿಯೆಂದು ಹೆಸರೆಂದು ಮುಗಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಆ ಗಿಡವನ್ನು ತಾವು ನೋಡಿದ್ದೀರಾ?" ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ನೋಡಿರಬಹುದು" ಎಂದೆ. ಮರುದಿನ ಆತ ಉದ್ದನೆಯ ತೆನೆಯಿದ್ದ ಒಂದು ಗಿಡವನ್ನು ಬೇರುಸಹಿತ ಕಿತ್ತು ತಂದು ಮೇಜಿನ ಮೇಲಿಟ್ಟ. ಕಾಲೇಜಿನ ಕಾಂಪೌಂಡಿನ ಬುಡದಲ್ಲಿ ಅದು ಹೇರಳವಾಗಿ ಬೆಳೆದಿತ್ತು. ದಿನವೂ ಆ ದಾರಿಯಲ್ಲಿ ಬಂದು, ಷರಾಯಿಯ ಅಂಚಿಗೆ ಅಂಟಿಕೊಂಡ ಅದರ ಬೀಜಗಳನ್ನು ಶಪಿಸುತ್ತ ಬಿಡಿಸಿ ಎಸೆದು, ಅನಂತರ ತರಗತಿಗೆ ಹೋಗಿ ಅದರ ನಿಷ್ಪತ್ತಿಯನ್ನು ಹೇಳುತ್ತಿದ್ದವನು ನಾನು!

ಮೂವತ್ತು ವರ್ಷ ಕಲಿಸಿದ ವಿದ್ಯೆಯಲ್ಲಿ ಅರ್ಧ ಮಾತ್ರ ನನ್ನಲ್ಲಿತ್ತೆಂಬ ಅರಿವು ಸಣ್ಣ ನೋವಲ್ಲ. ಉಳಿದರ್ಧ ಎಲ್ಲಿತ್ತು, ಅದು ಹೇಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿತ್ತು, ಎಲ್ಲಿ ತಪ್ಪಿಹೋಯಿತು ಎಂಬ ಪ್ರಶ್ನೆಗಳು ಅಂದಿನಿಂದ ನನ್ನ ಬೆನ್ನುಹತ್ತಿದುವು. ಆ ಹುಡುಕಾಟದಲ್ಲಿ ಕಂಡದ್ದನ್ನೂ, ಅದರ ಫಲವಾಗಿ ನಾಲ್ಕು ಮಂದಿ ಮಕ್ಕಳೊಡನೆ ನಾನು ಹೂಡಿದ ಒಂದು ಪುಟ್ಟ ಮೂಲಿಕೆಯ ತೋಟದ ಕಥೆಯನ್ನೂ ಇಂದು ತಮ್ಮ ಮುಂದಿಡುತ್ತೇನೆ.

ನಮ್ಮ ಭಾಷೆಯಲ್ಲಿ ಸಸ್ಯಜ್ಞಾನದ ಬರವಣಿಗೆಗೆ ಬಡತನವಿಲ್ಲ. ೧೦೨೫ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದ. ವಾಸ್ತು, ಅಂತರ್ಜಲಶೋಧ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವೈದ್ಯ—ಗೃಹಸ್ಥನಿಗೆ ಬೇಕಾದುದೆಲ್ಲವೂ ಅದರಲ್ಲಿದೆ. ಮರಗಿಡಗಳ ಆರೈಕೆಯೂ ಅಡುಗೆಯೂ ಮದ್ದೂ ಒಂದೇ ಪುಸ್ತಕದಲ್ಲಿ ಕೂಡಿರುವುದನ್ನು ಗಮನಿಸಬೇಕು. ಅಂದಿನ ಮನೆಯಲ್ಲಿಯೂ ಅವು ಬೇರೆಬೇರೆಯಾಗಿರಲಿಲ್ಲ. ಮುಂದೆ ೧೧೨೫ರ ಸುಮಾರಿಗೆ ಕೀರ್ತಿವರ್ಮನ 'ಗೋವೈದ್ಯ' ಬಂದಿತು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದ. ದನದ ರೋಗಕ್ಕೂ ಜನದ ರೋಗಕ್ಕೂ ಕನ್ನಡದಲ್ಲಿ ಗ್ರಂಥಗಳಿದ್ದ ಕಾಲವದು.

ಇಂಥ ಗ್ರಂಥಗಳನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮೂಲಿಕೆಯ ಹೆಸರಿರುತ್ತದೆ, ಪ್ರಮಾಣವಿರುತ್ತದೆ, ಅರೆಯುವ ಕುದಿಸುವ ಕ್ರಮವಿರುತ್ತದೆ. ಆದರೆ ಆ ಗಿಡ ನೋಡಲು ಹೇಗಿರುತ್ತದೆಂಬ ವಿವರ ಬಹುಮಟ್ಟಿಗೆ ಸಿಗುವುದಿಲ್ಲ. ಇದು ಗ್ರಂಥಕಾರರ ಮರೆವಲ್ಲ. ಓದುಗನಿಗೆ ಗಿಡ ಗೊತ್ತೇ ಇದೆಯೆಂಬ ವಿಶ್ವಾಸ. ಗಿಡವನ್ನು ತೋರಿಸಲು ತಾಯಿಯಿದ್ದಾಳೆ, ಗುರುವಿದ್ದಾನೆ, ದನ ಕಾಯುವ ಹುಡುಗನಿದ್ದಾನೆ. ಪುಸ್ತಕ ಹೆಸರನ್ನು ನೆನಪಿಸಿದರೆ ಸಾಕು. ಹೆಸರಿನಿಂದ ಎಲೆಯವರೆಗಿನ ಆ ದಾರಿ ಸಾಗುತ್ತಿದ್ದುದು ಹಿತ್ತಿಲಿನಲ್ಲಿ. ಹಿತ್ತಿಲು ಮರೆಯಾದೊಡನೆ ಪುಸ್ತಕದಲ್ಲಿ ಬರಿಯ ಹೆಸರು ಉಳಿಯಿತು.

ಬರಿಯ ಹೆಸರನ್ನು ನೆಚ್ಚುವುದು ಎಷ್ಟು ಅಪಾಯವೆಂಬುದಕ್ಕೆ 'ಬ್ರಾಹ್ಮಿ'ಯೊಂದೇ ಸಾಕು. ನಮ್ಮ ಕಡೆಯ ಮನೆಗಳಲ್ಲಿ ಬ್ರಾಹ್ಮಿಯೆಂದರೆ ಒಂದೆಲಗ. ತುಳುವಿನಲ್ಲಿ ತಿಮರೆಯೆನ್ನುವ, ನೆಲದ ಮೇಲೆ ಹಬ್ಬುವ ದುಂಡನೆಯ ಎಲೆಯ ಬಳ್ಳಿ. ಇನ್ನೊಂದೆಡೆ ಹೋಗಿ ಕೇಳಿದರೆ, ಜೌಗಿನಲ್ಲಿ ಬೆಳೆಯುವ, ದಪ್ಪನೆಯ ಸಣ್ಣ ಎಲೆಗಳ ನೀರುಬ್ರಾಹ್ಮಿಯನ್ನು ಕಿತ್ತು ಕೊಡುತ್ತಾರೆ. ಒಂದಕ್ಕೊಂದು ನಂಟಿಲ್ಲದ ಎರಡು ಗಿಡಗಳಿಗೆ ಒಂದೇ ಹೆಸರು. ನಿಘಂಟು ಇಲ್ಲಿ ನಮ್ಮನ್ನು ಕಾಪಾಡುವುದಿಲ್ಲ. ಕಣ್ಣು ಮತ್ತು ಮೂಗು ಕಾಪಾಡಬೇಕು.

ಈ ತೊಡಕು ನಮ್ಮೊಬ್ಬರದೇ ಎಂದು ತಿಳಿಯಬೇಕಾಗಿಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವೈದ್ಯವಿದ್ಯಾರ್ಥಿಗಳು ಡಯಾಸ್ಕೊರೈಡಿಸ್, ಗೇಲನ್ ಮೊದಲಾದ ಪ್ರಾಚೀನರ ಗ್ರಂಥಗಳಿಂದ ಮೂಲಿಕೆಗಳ ಪಾಠ ಕೇಳುತ್ತಿದ್ದರು. ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಪುಸ್ತಕದ ಹೆಸರಿಗೂ ಅಂಗಡಿಯಲ್ಲಿ ಸಿಗುವ ಒಣಬೇರಿಗೂ ತಾಳೆಯಾಗದೆ ತಪ್ಪುಗಳಾಗುತ್ತಿದ್ದುವು, ಮೋಸವೂ ನಡೆಯುತ್ತಿತ್ತು. ಆಗ ಮೂಲಿಕೆಗಳ ಅಧ್ಯಾಪಕನಾಗಿದ್ದ ಫ್ರಾಂಚೆಸ್ಕೊ ಬೊನಾಫೆದೆ ಎಂಬಾತ, ಜೀವಂತ ಗಿಡಗಳ ತೋಟವಿಲ್ಲದೆ ಈ ಪಾಠ ಸಾಧ್ಯವಿಲ್ಲವೆಂದು ವಾದಿಸಿದ. ೧೫೪೫ರಲ್ಲಿ ವೆನಿಸ್ ಗಣರಾಜ್ಯದ ಆಜ್ಞೆಯಂತೆ ಅಲ್ಲಿ ತೋಟ ಹುಟ್ಟಿತು. ಬೆಲೆಬಾಳುವ ಮೂಲಿಕೆಗಳನ್ನು ರಾತ್ರಿ ಕದ್ದೊಯ್ಯುವವರ ಕಾಟಕ್ಕೆ ಸುತ್ತ ವೃತ್ತಾಕಾರದ ಗೋಡೆಯನ್ನೂ ಕಟ್ಟಬೇಕಾಯಿತು. ಅಲ್ಲಿ ೧೫೮೫ರಲ್ಲಿ ನೆಟ್ಟ ಒಂದು ತಾಳೆಯ ಜಾತಿಯ ಗಿಡವನ್ನು ಎರಡು ಶತಮಾನಗಳ ಅನಂತರ, ೧೭೮೬ರಲ್ಲಿ, ಮಹಾಕವಿ ಗಯಟೆ ಕಂಡು ಸಸ್ಯಗಳ ರೂಪಪರಿಣಾಮವನ್ನು ಕುರಿತು ಚಿಂತಿಸಿದ. ಆ ಗಿಡ ಇಂದಿಗೂ ಬದುಕಿದೆ.

ಪಾದುವಾದವರು ತಮ್ಮ ತೋಟದ ಮೂಲಿಕೆಗಳನ್ನು 'ಸರಳ'ಗಳೆಂದು ಕರೆಯುತ್ತಿದ್ದರು. ಹಲವು ದ್ರವ್ಯಗಳನ್ನು ಬೆರೆಸಿದ ಯೋಗವಲ್ಲ, ಒಂಟಿಯಾಗಿಯೇ ಬಳಸುವ ಗಿಡವೆಂದು ಅದರ ಅರ್ಥ. ನಮ್ಮಲ್ಲಿ ಏಕಮೂಲಿಕಾಪ್ರಯೋಗವೆನ್ನುವುದೂ ಇದನ್ನೇ. ಮನೆಯ ಹಿತ್ತಿಲಿನ ವಿದ್ಯೆಯೆಲ್ಲ ಬಹುಪಾಲು ಈ ಬಗೆಯದು: ಒಂದು ಎಲೆ, ಒಂದು ಹೆಸರು, ಒಂದು ಬಳಕೆ.

ಇನ್ನು ನಮ್ಮ ನೆರೆಯ ಮಲಬಾರಿನ ಕಥೆ. ಡಚ್ಚರ ಅಧಿಪತಿಯಾಗಿ ಕೊಚ್ಚಿಯಲ್ಲಿದ್ದ ಹೆನ್‌ಡ್ರಿಕ್ ವಾನ್ ರೀಡ್ ಆ ಸೀಮೆಯ ಗಿಡಮರಗಳನ್ನು ಕುರಿತು ಬರೆಯಿಸಿದ 'ಹೋರ್ಟುಸ್ ಮಲಬಾರಿಕುಸ್' ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡಾಂನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಹೆಸರು ವಾನ್ ರೀಡನದು. ವಿದ್ಯೆ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನದು. ಅವನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಇದ್ದರು. ಅವರ ಕೊಂಕಣಿ ಒಪ್ಪಿಗೆಪತ್ರವೂ ಆ ಗ್ರಂಥದಲ್ಲಿ ನಾಗರಿ ಲಿಪಿಯಲ್ಲಿ ಅಚ್ಚಾಗಿದೆ. ನಮ್ಮ ಕರಾವಳಿಯಲ್ಲಿ ಇಂದಿಗೂ ಮನೆಮಾತಾಗಿರುವ ನುಡಿಯದು.

ಆದರೆ ಲ್ಯಾಟಿನ್ನಿನಲ್ಲಿದ್ದ ಈ ವಿದ್ಯೆ ಹುಟ್ಟಿದ ನೆಲಕ್ಕೆ ಮರಳಲು ಮುನ್ನೂರು ವರ್ಷ ಬೇಕಾಯಿತು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರು ದಶಕಗಳ ದುಡಿಮೆಯ ಅನಂತರ ೨೦೦೩ರಲ್ಲಿ ಇಂಗ್ಲಿಷಿಗೂ ೨೦೦೮ರಲ್ಲಿ ಮಲೆಯಾಳಕ್ಕೂ ಅದನ್ನು ತಂದರು. ಅನುವಾದಕ್ಕೆ ಅವರು ನಿಘಂಟನ್ನಷ್ಟೇ ತೆರೆದು ಕೂಡಲಿಲ್ಲ. ಗ್ರಂಥದಲ್ಲಿ ಹೇಳಿದ ಎಡೆಗಳಿಗೆ ಹೋಗಿ ಗಿಡಗಳನ್ನು ಮತ್ತೆ ಹುಡುಕಿ, ಕಣ್ಣಾರೆ ಕಂಡು ಗುರುತಿಸಿದರು. ಭದ್ರವಾಗಿ ಅಚ್ಚಾಗಿ ಉಳಿದ ಪುಸ್ತಕಕ್ಕೂ ಕೊನೆಗೆ ಗಿಡದ ಬಳಿಗೆ ನಡೆದುಹೋಗುವ ಒಬ್ಬ ಮನುಷ್ಯ ಬೇಕಾಯಿತು.

ಹಾಗೆ ನಡೆದುಹೋಗುವ ಅಭ್ಯಾಸವನ್ನು ಯಾವ ವಯಸ್ಸಿನಲ್ಲಿ ಹಚ್ಚಬೇಕು? ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಇದಕ್ಕೆ ಉತ್ತರ ಕೊಟ್ಟ. ೧೮೩೭ರಲ್ಲಿ ಆತ ತೆರೆದ ಶಿಶುವಿಹಾರಕ್ಕೆ ೧೮೪೦ರಲ್ಲಿ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. 'ಮಕ್ಕಳ ತೋಟ'ವೆಂಬ ಆ ಮಾತು ನಮಗಿಂದು ರೂಪಕವಾಗಿಯಷ್ಟೇ ಕೇಳಿಸುತ್ತದೆ. ಅವನಿಗೆ ಅದು ನಿಜವಾದ ತೋಟವೂ ಆಗಿತ್ತು. ಒಂದೊಂದು ಮಗುವಿಗೆ ಒಂದೊಂದು ಪುಟ್ಟ ಪಾತಿ, ಅವುಗಳ ಸುತ್ತ ಎಲ್ಲರಿಗೂ ಸೇರಿದ ಪಾತಿಗಳು. ತನ್ನದೆಂಬ ಪಾತಿಯಲ್ಲಿ ಮಗು ಬೇಕಾದದ್ದನ್ನು ಮಾಡಬಹುದು, ತಪ್ಪಲೂಬಹುದು. ಎಲ್ಲರ ಪಾತಿಯಲ್ಲಿ ಇತರರೊಡನೆ ಹೊಂದಿ ನಡೆಯಬೇಕು. ಪ್ರಷ್ಯದ ಸರ್ಕಾರ ೧೮೫೧ರಲ್ಲಿ ಈ ಶಾಲೆಗಳನ್ನು ನಿಷೇಧಿಸಿ ೧೮೬೦ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತ್ತೆಂಬುದನ್ನು ನೆನೆದರೆ, ಮಗುವಿನ ಕೈಗೆ ಗುದ್ದಲಿ ಕೊಡುವುದನ್ನು ಕಂಡು ದೊಡ್ಡವರು ಎಷ್ಟು ಅಂಜುತ್ತಾರೆಂದು ವಿಸ್ಮಯವಾಗುತ್ತದೆ.

ನಮ್ಮಲ್ಲಿಯೂ ಈ ಹಂಬಲ ಇಲ್ಲದಿರಲಿಲ್ಲ. ೧೯೩೭ರ ವಾರ್ಧಾ ಶಿಕ್ಷಣಯೋಜನೆ ಕೈಕೆಲಸವನ್ನೇ ಕಲಿಕೆಯ ನಡುಗಂಬವಾಗಿ ಮಾಡಲೆತ್ನಿಸಿತು. ೧೯೩೬ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಕನ್ನಡದ ಮಕ್ಕಳಿಗೆ ಕೊಟ್ಟ ಶಿವರಾಮ ಕಾರಂತರು ಪುಸ್ತಕದಿಂದಷ್ಟೇ ತೃಪ್ತರಾಗದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದಾಗ ಗಿಡವೂ ಸಾಹಿತ್ಯದ ವಸ್ತುವೆಂದು ನಾವೆಲ್ಲ ಹಿಗ್ಗಿದ್ದೆವು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡಿಗೆ ಹೋದ ಮೇಷ್ಟರ ಪುಸ್ತಕವದು. ನಾನು ಅದನ್ನು ಹಲವು ಸಲ ಓದಿ ನಕ್ಕೆ, ಮೆಚ್ಚಿದೆ, ಪಾಠವನ್ನೂ ಮಾಡಿದೆ. ಹಿತ್ತಿಲಿಗೆ ಮಾತ್ರ ಇಳಿಯಲಿಲ್ಲ.

ನಿವೃತ್ತಿಯ ಮರುವರ್ಷ ಇಳಿದೆ. ಮೈಸೂರಿನ ನಮ್ಮ ಮನೆಯ ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ. ನನ್ನ ಮೊಮ್ಮಗಳು, ನೆರೆಮನೆಯ ಇಬ್ಬರು ಹುಡುಗರು, ಹಾಲು ತರುವವರ ಮಗಳು—ಎಲ್ಲರೂ ಏಳರಿಂದ ಹತ್ತರೊಳಗಿನವರು. ಫ್ರೋಬೆಲನ ನೆನಪಿನಿಂದ ಒಬ್ಬೊಬ್ಬರಿಗೆ ಒಂದೊಂದು ಕುಂಡ, ಎಲ್ಲರಿಗೂ ಸೇರಿ ಒಂದು ಪಾತಿ. ಆ ಹೊತ್ತಿಗೆ ನಮ್ಮ ಅಕ್ಕ ಕಣ್ಣಿನ ಚಿಕಿತ್ಸೆಗೆಂದು ಮಲೆನಾಡಿನಿಂದ ಬಂದು ನಮ್ಮಲ್ಲಿದ್ದಳು. ಎಂಬತ್ತರ ಹತ್ತಿರದ ಆಕೆಗೆ ಪೊರೆ ಬೆಳೆದು ಎದುರಿನವರ ಮುಖ ಕಾಣದು. ಕಲ್ಲುಬೆಂಚಿನ ಮೇಲೆ ಕುಳಿತು ನನ್ನ ಸಂಭ್ರಮವನ್ನು ಕೇಳಿಸಿಕೊಂಡು, "ಪುಸ್ತಕ ಒಳಗಿಟ್ಟು ಬಾರೋ. ಕುಂಡದ ತೂತಿಗೆ ಹೆಂಚಿನ ಚೂರು ಮುಚ್ಚಿದೆಯೋ ಇಲ್ಲವೋ ಮೊದಲು ಹೇಳು" ಎಂದಳು. ಮುಚ್ಚಿರಲಿಲ್ಲ.

ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆಗೊಬ್ಬರ, ಒಂದು ಪಾಲು ಮರಳು. ಕಲೆಸಿದವರು ಮಕ್ಕಳೇ. ಮೊದಲು ಮೆಂತ್ಯ. ಮಕ್ಕಳ ತಾಳ್ಮೆಗೆ ತಕ್ಕ ಬೆಳೆಯದು. ರಾತ್ರಿ ನೆನೆಹಾಕಿ ಬಿತ್ತಿದರೆ ಮೂರುನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಬಿತ್ತದೆ, ಅಂಗೈಯಿಂದ ಮೆಲ್ಲನೆ ಉಜ್ಜಿ ಎರಡು ಹೋಳುಮಾಡಿ ಹಾಕಬೇಕು. ಪುದೀನದ ಕಡ್ಡಿಯನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಬೇರೊಡೆಯುವುದನ್ನು ಮಕ್ಕಳು ದಿನದಿನವೂ ನೋಡಬಹುದು. ಆದರೆ ಅದು ನೆರೆಯವರ ಜಾಗ ಕಬಳಿಸುವ ಗಿಡವಾದುದರಿಂದ ಬೇರೆ ಕುಂಡವೇ ಬೇಕು. ದೊಡ್ಡಪತ್ರೆಯ ಗೇಣುದ್ದದ ತುಂಡು, ಮಜ್ಜಿಗೆಹುಲ್ಲಿನ ಒಂದು ಬುಡ, ತುಳಸಿಯ ಚಿಟಿಕೆ ಬೀಜ, ನೆರಳೂ ತೇವವೂ ಇರುವ ನಲ್ಲಿಯ ಬಳಿ ಒಂದೆಲಗದ ಬಳ್ಳಿ, ಎಲ್ಲರ ಪಾತಿಯಲ್ಲಿ ಮೊಗ್ಗಿರುವ ಒಂದು ಶುಂಠಿಯ ತುಂಡು. ಶುಂಠಿಯಿಲ್ಲದ ಕಷಾಯವಿಲ್ಲ ಎನ್ನುತ್ತಾರಲ್ಲ!

ತಪ್ಪುಗಳು ಆಗಲೇಬೇಕಾದಷ್ಟು ಆದುವು. ಒಬ್ಬ ಹುಡುಗ ಕೊತ್ತಂಬರಿ ಮೊಳೆತಿದೆಯೇ ಎಂದು ದಿನಕ್ಕೆರಡು ಸಲ ಮಣ್ಣು ಕೆದಕಿ ನೋಡಿದ. ಅದು ಮೊಳೆಯಲೇ ಇಲ್ಲ. ನನ್ನ ಮೊಮ್ಮಗಳು ಅಕ್ಕರೆಯಿಂದ ನೀರೆರೆದೆರೆದು ದೊಡ್ಡಪತ್ರೆಯನ್ನು ಕೊಳೆಸಿದಳು. ಅತ್ತಳು. ಅಕ್ಕ ಅವಳಿಗೆ ಸಮಾಧಾನ ಹೇಳಲಿಲ್ಲ. ಮಣ್ಣಿನಲ್ಲಿ ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕೆಂದು ಬೆರಳನ್ನು ಹಿಡಿದು ತೋರಿಸಿಕೊಟ್ಟು, ಇನ್ನೊಂದು ತುಂಡನ್ನು ಕೈಗಿತ್ತಳು. ನೂರು ಪುಟದ ಬೋಧನಶಾಸ್ತ್ರ ಅದರಲ್ಲಿತ್ತೆಂದು ನನಗೆ ತೋರಿತು.

ಸಂಜೆ ಒಂದು ಆಟ ನಡೆಯುತ್ತಿತ್ತು. ಮಕ್ಕಳು ಒಂದೊಂದು ಎಲೆ ತಂದು ಅಕ್ಕನ ಕೈಯಲ್ಲಿಡುವರು. ಆಕೆ ಎರಡು ಬೆರಳಿನಲ್ಲಿ ಹೊಸಕಿ, ಮೂಸಿ, ಹೆಸರು ಹೇಳುವಳು. ಹೆಸರಿನೊಡನೆ ಅಡುಗೆಯೂ ಬರುತ್ತಿತ್ತು: ಒಂದೆಲಗಕ್ಕೆ ತಂಬುಳಿ, ದೊಡ್ಡಪತ್ರೆಗೂ ತಂಬುಳಿ, ಜೀರಿಗೆ ಎಷ್ಟು, ಮೆಣಸು ಎಷ್ಟು, ಮಜ್ಜಿಗೆ ಯಾವಾಗ. ಕಾಣದ ಕಣ್ಣಿನ ಆಕೆ ಒಂದು ಸಲವೂ ತಪ್ಪಲಿಲ್ಲ.

ಒಂದು ದಿನ ನಾನೂ ಮಕ್ಕಳ ಸಾಲಿನಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದೆ. ನಾವು ಚಿಕ್ಕವರಾಗಿದ್ದಾಗ ಹೊಟ್ಟೆನೋವೆಂದರೆ ಅಮ್ಮ ಬೇಲಿಯ ಬುಡದಿಂದ ಒಂದು ಚಿಗುರನ್ನು ಕಿತ್ತು ತಂದು ಉಪ್ಪಿನೊಡನೆ ಜಜ್ಜಿ ಕೊಡುತ್ತಿದ್ದರು. ಒಗರು, ಕೊನೆಗೆ ತುಸು ಸಿಹಿ. ಆ ರುಚಿ ಇನ್ನೂ ನನ್ನ ನಾಲಗೆಯಲ್ಲಿದೆ. "ಅದು ಯಾವ ಗಿಡ, ಅಕ್ಕ?" ಆಕೆ ಬಹಳ ಹೊತ್ತು ಸುಮ್ಮನಿದ್ದಳು. "ಹದಿನೇಳಕ್ಕೆ ಮದುವೆಮಾಡಿ ಕಳಿಸಿದರು. ನಾನು ಕೇಳಲಿಲ್ಲ. ನೀನು ಅಮ್ಮನ ಹತ್ತಿರ ಕೊನೆಯವರೆಗೂ ಇದ್ದವನು, ಓದಿದವನು, ನೀನಾದರೂ ಕೇಳಬಾರದಿತ್ತೇನೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಂಗರಾಜನ ಗ್ರಂಥ ಆರು ಶತಮಾನಗಳನ್ನು ದಾಟಿ ನನ್ನ ಮೇಜಿಗೆ ಬಂದಿತು. ನನ್ನ ತಾಯಿಯ ಚಿಗುರು ಅಡುಗೆಮನೆಯಿಂದ ಜಗಲಿಗೆ ಬರಲಿಲ್ಲ.

ಮಕ್ಕಳೊಡನೆ ಇಂಥ ತೋಟ ಹೂಡುವವರು ಒಂದು ಮಾತನ್ನು ಮರೆಯಬಾರದು. ಹಸುರೆಲ್ಲ ಅಮೃತವಲ್ಲ. ಮನೆಯ ಮುಂದೆ ಅಂದವಾಗಿ ಅರಳುವ ಕಣಗಿಲೆ ವಿಷ, ಉಮ್ಮತ್ತಿ ವಿಷ. ಮಡಗಾಸ್ಕರದಿಂದ ಬಂದು ನಮ್ಮ ಅಂಗಳದ ಹೂವಾದ ನಿತ್ಯಪುಷ್ಪದಿಂದ ವಿಜ್ಞಾನಿಗಳು ೧೯೫೦ರ ದಶಕದಿಂದೀಚೆಗೆ ಬೇರ್ಪಡಿಸಿದ ಸತ್ತ್ವಗಳು ಮಕ್ಕಳ ರಕ್ತದ ಕ್ಯಾನ್ಸರಿಗೆ ಮದ್ದಾಗಿವೆ. ಹಾಗೆಂದು ಅದರ ಎಲೆಯನ್ನು ಅಗಿದರೆ ಅದೂ ವಿಷವೇ. ವಿಷವನ್ನು ಕುರಿತು ಒಂದು ಗ್ರಂಥವನ್ನೇ ಬರೆದ ಮಂಗರಾಜನ ನಾಡಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ತೋಟದ ಮೊದಲ ನಿಯಮ: ದೊಡ್ಡವರನ್ನು ಕೇಳದೆ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು. ಎರಡನೆಯದು: ಹೆಸರು ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಬಾರದು. ಈ ಎರಡನೆಯ ನಿಯಮವನ್ನು ನನಗಾಗಿಯೇ ಸೇರಿಸಿದೆ. ಕುಂಡದ ಗಿಡಗಳು ನೆಗಡಿಗೂ ನಾಲಗೆಯ ರುಚಿಗೂ ಒದಗುತ್ತವೆ; ಜ್ವರ ನಿಲ್ಲದಿದ್ದರೆ ಹೋಗಬೇಕಾದುದು ವೈದ್ಯರ ಬಳಿಗೇ.

ವೈಶಾಖದಲ್ಲಿ ನೆಟ್ಟ ಶುಂಠಿಯನ್ನು ಸಂಕ್ರಾಂತಿಯ ಹೊತ್ತಿಗೆ ಅಗೆದೆವು. ಬೊಗಸೆಯಷ್ಟು ಸಿಕ್ಕಿತು. ನಾಲ್ಕು ಪಾಲು ಮಾಡಿ ಮಕ್ಕಳು ಮನೆಗೊಯ್ದರು. ಅಕ್ಕ ಅದನ್ನು ನೋಡಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದವಳು ಆ ಮಳೆಗಾಲದಲ್ಲಿಯೇ ತೀರಿಕೊಂಡಿದ್ದಳು. ಅವಳು ಹೇಳಿದ್ದರಲ್ಲಿ ನಲವತ್ತು ಎಲೆಗಳ ಹೆಸರು, ಬಳಕೆಗಳನ್ನು ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೆ ಆ ಪುಸ್ತಕವನ್ನು ನಾನು ಹೆಚ್ಚು ನೆಚ್ಚಿಲ್ಲ.

ನಾನು ನೆಚ್ಚಿರುವುದು ಬೇರೊಂದನ್ನು. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಹಿತ್ತಿಲಿನ ಗಿಡವೊಂದನ್ನು ತೋರಿಸಿ ಇದೇನೆಂದು ಕೇಳಿದರು. ನನ್ನ ಮೊಮ್ಮಗಳು ಗಿಡವನ್ನು ನೋಡಿ ಹೇಳಬಹುದಿತ್ತು, ಹೇಳಲಿಲ್ಲ. ಒಂದು ಎಲೆ ಕಿತ್ತು, ಎರಡು ಬೆರಳಿನಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸಿ, ಆಮೇಲೆ ಹೆಸರು ಹೇಳಿದಳು. ಕಾಣುವ ಕಣ್ಣುಳ್ಳ ಮಗು ಕಣ್ಣು ಮುಚ್ಚಿದ್ದೇಕೆಂದು ನೆಂಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ತಮ್ಮ ಮನೆಯಲ್ಲಿ ಜಾಗವಿಲ್ಲದಿರಬಹುದು. ಒಂದು ಕುಂಡ ಸಾಲುತ್ತದೆ. ಮನೆಯಲ್ಲಿ ಹಿರಿಯರೊಬ್ಬರಿದ್ದರೆ, ಮಗುವೊಂದಿದ್ದರೆ, ಅವರಿಬ್ಬರ ನಡುವೆ ಆ ಕುಂಡವನ್ನಿಡಿ. ಕೇಳಬೇಕಾದುದನ್ನು ಈ ವಾರವೇ ಕೇಳಿ. ನಮ್ಮ ಹಿತ್ತಿಲಿನ ಮೂಲೆಯಲ್ಲಿ ತಾನಾಗಿಯೇ ಬೆಳೆದ ಒಂದು ಉತ್ತರಾಣಿಯಿದೆ. ಮಕ್ಕಳು ಅದನ್ನು ಕಳೆಯೆಂದು ಕೀಳಹೋದರು. ಇರಲಿ ಬಿಡಿ, ಅದು ನನ್ನ ಮೇಷ್ಟರು ಎಂದೆ.

(ಆಕಾಶವಾಣಿ ಭಾಷಣ)